ಯಾರ ರೊಟ್ಟಿ ಎಂದು ತಿಳಿಯದಂತೆ

ಮಾಣಿಕಮ್ಮ ‘ಬೆಳಗು’ ಮಹಿಳಾ ಸಂಘದ ಅಧ್ಯಕ್ಷೆಯಾದದ್ದು ಚೀಟಿ ಹಾಕಿ ಅಲ್ಲ, ಕೈ ಎತ್ತಿಯೂ ಅಲ್ಲ. ಬಸವಕಲ್ಯಾಣದ ಕೋಟೆ ಬದಿಯ ಓಣಿಯಲ್ಲಿ, ಅವಳದೇ ಮನೆಯ ಪಡಸಾಲೆಯಲ್ಲಿ ಹನ್ನೆರಡು ಹೆಂಗಸರು ಗೋಡೆಗೆ ಬೆನ್ನು ಹಚ್ಚಿ ಕೂತಿದ್ದರು. ಹೊತ್ತಾಗುತ್ತಿತ್ತು. ಒಬ್ಬೊಬ್ಬಳ ಮನೆಯಲ್ಲೂ ಊಟಕ್ಕೆ ಕಾಯುವ ಬಾಯಿಗಳಿದ್ದವು. "ಮಾಣಿಕಕ್ಕನೇ ಆಗ್ಲಿ ಬಿಡ್ರಿ. ಆಕಿ ಯಾರಿಗೂ ಇಲ್ಲ ಅನ್ನಾಂಗಿಲ್ಲ," ಎಂದು ಬಾಗಿಲ ಬಳಿ ಕೂತವಳೊಬ್ಬಳು ಎದ್ದು ಸೆರಗು ಕೊಡವಿದಳು. ಉಳಿದವರೂ ಎದ್ದರು. ಆಯ್ಕೆ ಮುಗಿಯಿತು.

ಇಲ್ಲ ಅನ್ನದಿರುವುದನ್ನು ಅವಳು ಕಲಿತದ್ದು ಆ ಮನೆಯಲ್ಲೇ. ಹುಮನಾಬಾದಿನಲ್ಲಿ ಹುಟ್ಟಿ ಬೆಳೆದವಳು, ಹದಿನೆಂಟಕ್ಕೆ ಧನರಾಜನ ಕೈ ಹಿಡಿದು ಇಲ್ಲಿಗೆ ಬಂದಾಗ ಮನೆಯಲ್ಲಿ ಒಂಬತ್ತು ಜನ. ಎರಡು ಹೊತ್ತಿಗೆ ಸೇರಿ ಐವತ್ತು ರೊಟ್ಟಿ. ಮೈದುನನಿಗೆ ಬಿಸಿಯದು, ಮಾವನಿಗೆ ಮೆತ್ತಗಿನದು, ಹಲ್ಲಿಲ್ಲದ ಅತ್ತೆಗೆ ಹಾಲಲ್ಲಿ ನೆನೆಸಿದ್ದು. ಯಾರ ಮುಖ ಸಣ್ಣದಾಗಿದೆ, ಯಾರ ತಟ್ಟೆಯಲ್ಲಿ ಪಲ್ಯ ಮುಗಿದಿದೆ ಎಂಬುದು ಅವರು ಬಾಯಿ ತೆರೆಯುವ ಮೊದಲೇ ಅವಳಿಗೆ ತಿಳಿಯುತ್ತಿತ್ತು. ಅವಳ ತಟ್ಟೆಯಲ್ಲಿ ಏನಿದೆ ಎಂದು ನೋಡುವ ರೂಢಿ ಆ ಮನೆಯವರಿಗೆ ಇರಲಿಲ್ಲ. ಇಪ್ಪತ್ತು ವರ್ಷ ಈ ಗುಣಕ್ಕೆ ಓಣಿಯಲ್ಲೆಲ್ಲ ಶಹಬ್ಬಾಸ್ ಸಿಕ್ಕಿತು. ಹನ್ನೆರಡು ಮಂದಿಯನ್ನು ನಡೆಸುವುದಕ್ಕೂ ಅಷ್ಟೇ ಸಾಕು ಎಂದು ಅವಳು ನಂಬಿದಳು. ಬೇರೆ ಗುಣವೂ ಬೇಕಾದೀತೆಂದು ಅವಳಿಗೆ ಹೇಳಿದವರಾದರೂ ಯಾರು?

ಸಂಘದ ಕೆಲಸ ಖಡಕ್ ರೊಟ್ಟಿ. ಪ್ರತಿಯೊಬ್ಬಳೂ ತನ್ನ ಮನೆಯ ಒಲೆಯಲ್ಲೇ ಜೋಳದ ರೊಟ್ಟಿ ಮಾಡಿ ಶುಕ್ರವಾರ ಮಾಣಿಕಮ್ಮನ ಮನೆಗೆ ತರುತ್ತಿದ್ದಳು. ಶನಿವಾರ ಧನರಾಜ ತನ್ನ ಟಮ್‌ಟಮ್‌ ಆಟೋದಲ್ಲಿ ಹೇರಿಕೊಂಡು ಹುಮನಾಬಾದಿನ ಮಹಾರುದ್ರಪ್ಪನ ಖಾನಾವಳಿಗೆ ಮುಟ್ಟಿಸುತ್ತಿದ್ದ. ರೊಟ್ಟಿ ಬಡಿಯುವುದು ಇದರಲ್ಲಿ ಅರ್ಧ ಕೆಲಸ. ಬೆಂದ ರೊಟ್ಟಿಯನ್ನು ಒಲೆಯ ಬದಿಗೆ ಕೆಂಡದ ಕಾವಿಗೆ ನಿಲ್ಲಿಸಿ, ತಿರುಗಿಸಿ, ಬಟ್ಟೆಯಿಂದ ಒತ್ತಿ, ಒಳಗಿನ ತೇವವೆಲ್ಲ ಆರಿ ಮುರಿದರೆ ಟಕ್ಕೆನ್ನುವ ತನಕ ಕಾಯುವುದು ಉಳಿದರ್ಧ. ಬಡಿಯುವ ಸದ್ದು ಓಣಿಗೆಲ್ಲ ಕೇಳುತ್ತದೆ. ಕಾಯುವುದಕ್ಕೆ ಸದ್ದಿಲ್ಲ. ಆದ್ದರಿಂದ ಮನೆಯ ಗಂಡಸರ ಕಣ್ಣಿಗೆ ಅದು ಹೆಂಗಸು ಸುಮ್ಮನೆ ಒಲೆ ಮುಂದೆ ಕೂತಂತೆ.

ಚಿಂದಿಯ ಪದ್ಧತಿ ತಂದವಳು ಕರೀಮಾ. ಅವರಲ್ಲೆಲ್ಲ ಹಿರಿಯಳು, ಗಂಡ ತೀರಿಕೊಂಡವಳು, ಎಲ್ಲರಿಗೂ ಆಪಾ. ಅವಳ ರೊಟ್ಟಿ ಕಾಗದದಷ್ಟು ತೆಳ್ಳಗೆ, ಚಂದ್ರನಷ್ಟು ದುಂಡಗೆ. ಇಪ್ಪತ್ತೈದು ರೊಟ್ಟಿಗೆ ಒಂದು ಕಟ್ಟು. ಮಾಡಿದವಳು ತನ್ನ ಹಳೆಯ ಸೀರೆಯ ಒಂದು ಚಿಂದಿಯಿಂದ ಅದನ್ನು ಬಿಗಿಯಬೇಕು. ಕರೀಮಾಳದು ಹಸಿರು ದುಪಟ್ಟಾದ ಚಿಂದಿ. ಖಾನಾವಳಿಯಲ್ಲಿ ಲಾರಿ ಚಾಲಕರು "ಹಸರ ಚಿಂದಿದು ತರ್ರಿ" ಎಂದು ಕೇಳಿ ಉಣ್ಣುತ್ತಿದ್ದಾರೆ ಎಂಬ ಸುದ್ದಿ ಧನರಾಜ ತಂದ ದಿನ ಕರೀಮಾ ದುಪಟ್ಟಾವನ್ನು ಬಾಯಿಗೆ ಅಡ್ಡ ಹಿಡಿದು ಬಹಳ ಹೊತ್ತು ನಕ್ಕಿದ್ದಳು. ಜೀವಮಾನವಿಡೀ ಮಾಡಿದ ರೊಟ್ಟಿಗೆ ಅವಳ ಗುರುತು ಬಿದ್ದದ್ದು ಅದೇ ಮೊದಲು.

ಹಳದಿ ಹೂವಿನ ಚಿಂದಿ ಜಗದೇವಿಯದು. ನಾರಾಯಣಪುರದಿಂದ ಮದುವೆಯಾಗಿ ಬಂದ ಇಪ್ಪತ್ತಾರರ ಹುಡುಗಿ. ಎರಡು ಸಣ್ಣ ಮಕ್ಕಳು, ಲಕ್ವಾ ಹೊಡೆದು ಹಾಸಿಗೆ ಹಿಡಿದ ಅತ್ತೆ, ನಾಲ್ಕು ಗಂಟೆಗೆ ಬರುವ ನಳ. ರೊಟ್ಟಿಯನ್ನು ಕಾವಿಗೆ ನಿಲ್ಲಿಸುವ ಹೊತ್ತಿಗೇ ನೀರು ಹಿಡಿಯಬೇಕು, ಅತ್ತೆಯ ಬಟ್ಟೆ ಬದಲಿಸಬೇಕು. ತಿರುಗಿ ಬರುವಷ್ಟರಲ್ಲಿ ಒಲೆ ಆರಿರುತ್ತಿತ್ತು. ಗಂಡ ಪಡಸಾಲೆಯಲ್ಲೇ ಮೊಬೈಲ್ ಹಿಡಿದು ಕೂತಿರುತ್ತಿದ್ದ. ಎರಡು ಕಟ್ಟಿಗೆ ಒಳಗೆ ನೂಕುವುದು ಅವನ ಕೆಲಸವಾಗಿರಲಿಲ್ಲ. ಹಳದಿ ಚಿಂದಿಯ ಕಟ್ಟುಗಳು ಖಾನಾವಳಿಯಿಂದ ಮೂರು ಸಲ ಮರಳಿ ಬಂದವು. ಮೂರನೆಯ ಸಲ ಜಗದೇವಿ ಎಲ್ಲರ ಮುಂದೆ ಅತ್ತುಬಿಟ್ಟಳು.

"ಅಕ್ಕಾ, ನಾಕರಿಂದ ಐದರ ತನಕ ಒಲಿ ಮುಂದ ಯಾರಾರ ಕೂತ್ರ ಸಾಕು ನೋಡ್ರಿ," ಎಂದು ಅಳುತ್ತಲೇ ಹೇಳಿದಳು. ಮಾಣಿಕಮ್ಮನಿಗೆ ಅಳು ಕೇಳಿಸಿತು. ಅದರೊಳಗಿನ ಮಾತು ಕೇಳಿಸಲಿಲ್ಲ.

ಮರುವಾರ ಅವಳು ಚಿಂದಿ ತೆಗೆಸಿದಳು.

"ಇನ್ನ ಎಲ್ಲಾ ಕಟ್ಟೂ ಒಂದ ಸುತಳಿಲೆ ಕಟ್ಟೋಣ ಆಪಾ. ನಾವೆಲ್ಲಾ ಒಂದ ಅಲ್ಲೇನು?"

"ಒಂದ ಇದ್ದೀವಿ. ಕೈ ಮಾತ್ರ ಹನ್ನೆರಡು ಜೋಡಿ ಅವ," ಎಂದಳು ಕರೀಮಾ. "ನೀ ಯಾರನ್ನೋ ಮುಚ್ಚಾಕತ್ತಿ, ಮಾಣಿಕಾ."

"ನೀ ಭಾಳ ಖಡಕ್ ಆಪಾ."

"ರೊಟ್ಟಿ ಖಡಕ್ ಇರಬೇಕಂದ್ರ ಯಾರಾರ ಒಬ್ಬರು ಖಡಕ್ ಇರಬೇಕಲ್ಲವಾ."

ಎಲ್ಲರೂ ನಕ್ಕರು. ಮಾಣಿಕಮ್ಮನೂ ನಕ್ಕಳು. ಕರೀಮಾ ಕಟ್ಟಿದ್ದ ಹಸಿರು ಚಿಂದಿಗಳನ್ನು ಒಂದೊಂದಾಗಿ ಬಿಚ್ಚಿ, ಮಡಿಚಿ, ಚೀಲಕ್ಕೆ ಹಾಕಿಕೊಂಡಳು. ಜಗದೇವಿ ಮಾಣಿಕಮ್ಮನನ್ನು ನೋಡಿದ ನೋಟದಲ್ಲಿ ಎಷ್ಟು ಕೃತಜ್ಞತೆಯಿತ್ತೆಂದರೆ ಮಾಣಿಕಮ್ಮನಿಗೆ ಆ ದಿನವಿಡೀ ಮೈ ಹಗುರಾಗಿತ್ತು.

ಎರಡು ವರ್ಷದ ಹಿಂದಿನ ಶ್ರಾವಣ ಅದು. ಜಿಟಿಜಿಟಿ ಮಳೆ ಹಿಡಿದಿತ್ತು. ಮಹಾರುದ್ರಪ್ಪ ಸೋಮವಾರದ ಊಟಕ್ಕೆಂದು ಎಂದಿನ ಎರಡರಷ್ಟು ರೊಟ್ಟಿ ಹೇಳಿದ್ದ. ಶುಕ್ರವಾರ ಸಂಜೆ ಜಗದೇವಿ ತಂದ ರೊಟ್ಟಿಯನ್ನು ಕೈಗೆತ್ತಿಕೊಂಡ ಕೂಡಲೇ ಮಾಣಿಕಮ್ಮನಿಗೆ ಗೊತ್ತಾಯಿತು. ಅಂಚು ಗಟ್ಟಿ, ನಡು ಮೆತ್ತಗೆ. ಜಗದೇವಿಯ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. "ಆತೇನ್ರಿ ಅಕ್ಕಾ?" ಎಂದಳು. "ಆತು ಹೋಗು, ಕೂಸು ಅಳತಿರಬೇಕು," ಎಂದಳು ಮಾಣಿಕಮ್ಮ.

ಆ ಐವತ್ತು ರೊಟ್ಟಿಗಳನ್ನು ಮತ್ತೆ ಒಲೆಗೆ ಇಡಬಹುದಿತ್ತು. ಆದರೆ ತನ್ನ ಮನೆಯ ಅಡುಗೆಗೆ ಹೊತ್ತಾಗಿತ್ತು, ಧನರಾಜ ಎರಡು ಸಲ ಒಳಗೆ ಇಣುಕಿ ಹೋಗಿದ್ದ. ಅವಳು ಮೆತ್ತಗಿನ ರೊಟ್ಟಿಗಳನ್ನು ಎರಡೆರಡರಂತೆ ಬೇರೆಯವರ ಕಟ್ಟುಗಳ ನಡುವೆ ಸೇರಿಸಿದಳು. ಸುತ್ತಲಿನ ಖಡಕ್ ರೊಟ್ಟಿ ಇವುಗಳ ತೇವ ಹೀರಿಕೊಂಡು ಎಲ್ಲ ಸಮ ಆಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಮೂವತ್ತು ವರ್ಷ ರೊಟ್ಟಿ ಬಡಿದ ಕೈಗೆ ಅದು ಸುಳ್ಳೆಂದು ಗೊತ್ತಿತ್ತು. ಮನಸ್ಸು ಮಾತ್ರ ನಂಬಿತು.

ಸೋಮವಾರ ಮಹಾರುದ್ರಪ್ಪ ಫೋನ್ ಮಾಡಿ ಕರೆಸಿದ. ಖಾನಾವಳಿಯ ಹಿಂದಿನ ಕೋಣೆಯಲ್ಲಿ ಕಟ್ಟುಗಳೆಲ್ಲ ಬಿಚ್ಚಿ ಬಿದ್ದಿದ್ದವು. ಪ್ರತಿ ಕಟ್ಟಿನ ನಡುವೆಯೂ ಹಸಿರು ಬೂಷ್ಟು, ಅಕ್ಕಪಕ್ಕದ ರೊಟ್ಟಿಗಳಿಗೂ ಹರಡಿತ್ತು. ಮುದುಕ ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಅವಳಿಗೆ ಹಗುರಾಗುತ್ತಿತ್ತು.

"ನೋಡು ತಂಗಿ, ಹಿಂದ ಯಾವುದರ ಕೆಟ್ಟಿತ್ತಂದ್ರ ಆ ಚಿಂದಿ ಕಟ್ಟು ಬಾಜೂಕ ಇಡತಿದ್ದೆ, ಉಳದದ್ದು ಬಡಸ್ತಿದ್ದೆ. ಈಗ ಯಾವುದು ತೆಗೀಲಿ, ಯಾವುದು ಬಡಸಲಿ? ನನಗ ಇನ್ನ ನಿಮ್ಮ ರೊಟ್ಟಿ ಬ್ಯಾಡ."

ಮರುದಿನ ಪಡಸಾಲೆಯಲ್ಲಿ ಹನ್ನೆರಡು ಮಂದಿ ಕೂತರು. ಯಾರದು ಎಂಬ ಮಾತು ಎದ್ದಿತು. ಏಳಲೇಬೇಕಿತ್ತು. "ಕರೀಮಾ ಆಪಾನ ಮನಿ ನೆಳ್ಳಾಗ ಅದ, ಬಿಸಲೇ ಬೀಳಾಂಗಿಲ್ಲ," ಎಂದಿತು ಒಂದು ಧ್ವನಿ. "ಅವರ ಮನ್ಯಾಗ ರೊಟ್ಟಿ ಎಲ್ಲಿ ದಿನಾ ಉಣತಾರವಾ? ಅನ್ನಾ ಉಣ್ಣೋ ಚಾವಲ್ ಮಂದಿ," ಎಂದಿತು ಇನ್ನೊಂದು. ಕಿಸಕ್ಕೆಂದು ನಗು ಬಂತು. ನಿನ್ನೆ ಮೊನ್ನೆಯ ತನಕ ಆ ಮನೆಯ ರೊಟ್ಟಿಯನ್ನೇ ನೋಡಿ ಕಲಿತವರ ನಗು ಅದು. ಒಂದು ಹಸಿರು ಚಿಂದಿ ಇದ್ದಿದ್ದರೆ ಈ ಮಾತು ಹುಟ್ಟುತ್ತಿರಲಿಲ್ಲ.

ಕರೀಮಾ ಮಾಣಿಕಮ್ಮನ ಕಡೆ ನೋಡಿದಳು. ಜಗದೇವಿ ನೆಲ ನೋಡುತ್ತಿದ್ದಳು. ಒಂದು ಮಾತಿನ ಕೆಲಸ. "ಸೇರಿಸಿದಾಕಿ ನಾನು" ಎಂದರೆ ಸಾಕಿತ್ತು. ಮಾಣಿಕಮ್ಮ ಅಂದಳು:

"ಯಾರದಂತ ಕೇಳೋದು ಬ್ಯಾಡ. ತಪ್ಪು ಎಲ್ಲಾರದೂ ಅದ."

"ಎಲ್ಲಾರದೂ ಅಂದ್ರ ನಂದೂ. ಹಂಗೇನು, ಮಾಣಿಕಾ?"

ಮಾಣಿಕಮ್ಮ ಸುತಳಿಯ ಉಂಡೆಯನ್ನು ಸುತ್ತತೊಡಗಿದಳು. ಕರೀಮಾ ಚಪ್ಪಲಿ ಮೆಟ್ಟಿ ಹೋದಳು. ಗಂಡ ಹೋದ ಮೇಲೆ ಈ ಊರಲ್ಲಿ ಅವಳನ್ನು ಹಿಡಿದಿಟ್ಟಿದ್ದು ಆ ಕೆಲಸವೊಂದೇ. ತಿಂಗಳೊಳಗೆ ಹುಮನಾಬಾದಿಗೆ, ತಮ್ಮ ಬದ್ರುದ್ದೀನನ ಮನೆಗೆ ಹೊರಟುಹೋದಳು. ಸಂಘ ಇಂದು ನಾಳೆ ಎನ್ನುತ್ತ ಸೊರಗಿತು. ಉಳಿದ ಹನ್ನೊಂದು ಮಂದಿ ಓಣಿಯ ಸಣ್ಣಪುಟ್ಟ ಮದುವೆ ಮುಂಜಿಗೆ ರೊಟ್ಟಿ ಮಾಡಿಕೊಡುವಷ್ಟಕ್ಕೆ ನಿಂತರು. ಮಾಣಿಕಮ್ಮ ಅಧ್ಯಕ್ಷೆಯಾಗಿಯೇ ಉಳಿದಳು. ಅವಳನ್ನು ಕೆಟ್ಟವಳು ಎಂದವರು ಒಬ್ಬರೂ ಇಲ್ಲ. "ಪಾಪ, ಭಾಳ ಮರುಕದಾಕಿ," ಎಂದರು.

ಈ ಬೇಸಿಗೆಯಲ್ಲಿ ಮಗಳು ಪೂನಂ ಮೊಬೈಲಿನಲ್ಲಿ ಒಂದು ಆಟಕ್ಕೆ ಬಿದ್ದಳು. ಬಿಎ ಎರಡನೇ ವರ್ಷ ಮುಗಿಸಿದ್ದಳು. ಮಧ್ಯಾಹ್ನ ಪಾತ್ರೆ ತೊಳೆದು, ಒದ್ದೆ ಕೈ ಒರೆಸಿಕೊಂಡು ಕಿಟಕಿಗೆ ಒರಗಿ ಕೂತರೆ ಒಂದು ತಾಸು ಅವಳದು. ಆಟದ ಹೆಸರು ನೀಲಗಢ. ಬೆಟ್ಟದ ಮೇಲೆ ಒಂದು ಕೋಟೆ, ಅದರ ಒಡತಿ ಝರೀನಾ. ಕೋಟೆಯ ಬಾಗಿಲಿಗೆ ಒಬ್ಬೊಬ್ಬರೇ ಬಂದು ನಿಲ್ಲುತ್ತಾರೆ. ಕೂಸು ಎತ್ತಿಕೊಂಡ ಹೆಂಗಸು, ಗಾಯಗೊಂಡ ಸಿಪಾಯಿ, ಊರು ಸುಟ್ಟುಹೋಯಿತೆನ್ನುವ ವ್ಯಾಪಾರಿ. ಒಳಗೆ ಬಿಡಬೇಕೋ ಬೇಡವೋ ಎಂದು ಆಡುವವರು ಹೇಳಬೇಕು. ಸುಮ್ಮನಿದ್ದರೆ ಝರೀನಾ ತಾನೇ ಬಿಟ್ಟುಬಿಡುತ್ತಾಳೆ. ಕಣಜ ಬರಿದಾಗುತ್ತದೆ. ಬಂದವರಲ್ಲಿ ಯಾರೋ ಒಬ್ಬ ಒಳಗಿನಿಂದ ಅಗಳಿ ತೆಗೆಯುತ್ತಾನೆ. ಕೋಟೆ ಬೀಳುತ್ತದೆ.

"ಮತ್ತ ಬಿಟ್ಟಳು ನೋಡವ್ವ, ಹುಚ್ಚಿ!" ಎಂದು ಪೂನಂ ತೊಡೆಗೆ ಬಡಿದುಕೊಂಡಳು.

"ಹುಚ್ಚಿ ಯಾಕಾಗ್ತಾಳ? ಕೈಯಾಗ ಕೂಸು ಅದ ನೋಡು, ಹೊರಗ ಹ್ಯಾಂಗ ಬಿಡತಾಳ?"

"ಆಟ ಆಡೋ ಮಂದಿ ಎಲ್ಲಾ ಹಂಗ ಬರದಾರ. ಇಂಥಾಕಿನ ಒಡತಿ ಯಾರ ಮಾಡಿದ್ರು ಅಂತಾರ." ಆಮೇಲೆ ನಕ್ಕಳು. "ಇನ್ನೊಂದ ಆಟದಾಗ ಒಬ್ಬ ಕಪ್ತಾನ ಇದ್ದಾನವ್ವ. ಎಲ್ಲಾರ ದುಃಖ ಕೇಳಕೋತ ಕೂತು ಹಡಗಾ ಮುಳಗಸ್ತಾನ. ಅವಗ ಮಾತ್ರ ದೊಡ್ಡ ಮನಸ್ಸಿನ ಮನಷ್ಯಾ ಅಂತಾರ!"

"ಕೊಡಿಲ್ಲಿ," ಎಂದು ಮಾಣಿಕಮ್ಮ ಕೈ ಚಾಚಿದಳು.

ಅಂದಿನಿಂದ ಮಧ್ಯಾಹ್ನದ ತಾಸಿನಲ್ಲಿ ಅರ್ಧ ತಾಯಿಯ ಪಾಲಾಯಿತು. ಅವಳು ಆಡಿದಾಗಲೆಲ್ಲ ಕೋಟೆ ಬಿತ್ತು. ಬಂದವರನ್ನು ತಿರುಗಿ ಕಳಿಸಲು ಬೆರಳೇ ಏಳುತ್ತಿರಲಿಲ್ಲ. ಒಂದು ದಿನ ಪೂನಂ ಪರದೆಯ ಮೂಲೆ ತೋರಿಸಿದಳು. ಅಲ್ಲೊಂದು ಸಣ್ಣ ಗಂಟೆ.

"ಇದನ್ನ ಬಾರಿಸಿದ್ರ ಕೋಟಿ ಒಳಗಿನ ಮಂದಿ ಎಲ್ಲಾ ಕೂಡತಾರ. ಬಾಗಲದಾಗ ಇಂಥಾಕಿ ಬಂದಾಳ, ಕಣಜದಾಗ ಇಷ್ಟ ಕಾಳು ಅದ, ಏನ ಮಾಡೂಣು ಅಂತ ಕೇಳಬಹುದು. ಯಾರ ಮನಿಗಿ ಕಳಸೋದು, ಯಾರು ಕಾವಲ ಇರೋದು, ಅವರ ಹೇಳತಾರ."

"ಮೊದಲ ಯಾಕ ಹೇಳಲಿಲ್ಲ?"

"ಯಾರೂ ಬಾರಸಾಂಗಿಲ್ಲವ್ವ. ಬಾರಿಸಿದ್ರ ಇಲ್ಲಿ ಮ್ಯಾಲ ಹೃದಯ ಅವ ಅಲ್ಲ, ಅವು ಕಮ್ಮಿ ಆಗ್ತಾವ. ಮಂದಿ ಜಗಳ ಮಾಡತಾರ, ಝರೀನಾನ್ನ ಬಯ್ತಾರ."

ಮಾಣಿಕಮ್ಮ ಪರದೆಯ ಮೇಲ್ತುದಿಯ ಕೆಂಪು ಹೃದಯಗಳನ್ನು ನೋಡಿದಳು. ಇಷ್ಟು ದಿನ ಆಡುತ್ತ ತನ್ನ ಕಣ್ಣು ನೆಟ್ಟಿದ್ದು ಅಲ್ಲಿಯೇ. ಕಣಜದ ಮೇಲಲ್ಲ, ಕೂಸಿನ ಮೇಲೂ ಅಲ್ಲ. ಒಳಗೆ ಬಂದ ಆ ಹೆಂಗಸು ಎಲ್ಲಿ ಮಲಗಿದಳು, ಏನು ಉಂಡಳು ಎಂದು ಒಂದು ಸಲವೂ ನೋಡಿರಲಿಲ್ಲ. ಬಾಗಿಲು ತೆರೆದ ಕೂಡಲೇ ಒಂದು ಹೃದಯ ಹೆಚ್ಚಾಗುತ್ತಿತ್ತು, ಅಷ್ಟಕ್ಕೇ ಮನಸ್ಸು ತುಂಬುತ್ತಿತ್ತು. ಜಗದೇವಿಯ ಮನೆಯ ಒಲೆ ನಾಲ್ಕು ಗಂಟೆಗೆ ಆರಿದಾಗ ತಾನು ಅಲ್ಲಿ ಹೋಗಿ ಕೂತಿರಲಿಲ್ಲ. ಸರದಿಯ ಮೇಲೆ ಒಬ್ಬೊಬ್ಬರು ಕೂಡ್ರೋಣ ಎಂದು ಹನ್ನೊಂದು ಮಂದಿಯನ್ನು ಕೇಳಿರಲಿಲ್ಲ. ಕೇಳಿದ್ದರೆ ಜಗಳವಾಗುತ್ತಿತ್ತು. ನನಗೇ ಹೊತ್ತಿಲ್ಲ, ಅವಳ ಗಂಡನಿಗೇನು ಧಾಡಿ ಎನ್ನುತ್ತಿದ್ದರು. ಅನ್ನಬೇಕಾದ ಮಾತೇ ಅದು. ಅದನ್ನು ತಪ್ಪಿಸಿ ಒಳ್ಳೆಯವಳಾಗಿ ಉಳಿಯಲು ಅವಳು ರೊಟ್ಟಿಯ ನಡುವೆ ರೊಟ್ಟಿ ಅಡಗಿಸಿದ್ದಳು. ಅದರ ಬೆಲೆ ತೆತ್ತವಳು ಕರೀಮಾ.

"ಯಾಕವ್ವ, ಆಡಾಂಗಿಲ್ಲೇನು?" ಎಂದಳು ಪೂನಂ. ಮಾಣಿಕಮ್ಮ ಮೊಬೈಲ್ ಮಗಳ ಕೈಗೆ ಕೊಟ್ಟು ಎದ್ದಳು.

ಮರುದಿನ ಬೆಳಗಿನ ಬಸ್ಸಿಗೆ ಹುಮನಾಬಾದಿಗೆ ಹೋದಳು. ಧನರಾಜ "ಮನ್ಯಾಗ ಅಡಗಿ?" ಎಂದು ಕೇಳಿದ್ದಕ್ಕೆ, "ಹಿಟ್ಟು ಡಬ್ಬ್ಯಾಗ ಅದ," ಎಂದಷ್ಟೇ ಹೇಳಿದ್ದಳು. ಬದ್ರುದ್ದೀನನ ಮನೆಯ ಹಿತ್ತಲಲ್ಲಿ ತಗಡಿನ ಕೆಳಗೆ ಕರೀಮಾ ರೊಟ್ಟಿ ಬಡಿಯುತ್ತಿದ್ದಳು. ಮುಖ ಇಳಿದಿತ್ತು, ಕೈ ಮಾತ್ರ ಅದೇ ಕೈ.

"ಬಾ, ಕೂಡು. ಹೊಗಿ ಬರತದ, ಆ ಕಡೆ ಕೂಡು."

"ಇಲ್ಲೂ ಆರ್ಡರ್ ಮಾಡತೀಯೇನು ಆಪಾ?"

"ಎಲ್ಲಿ ಆರ್ಡರು? ತಮ್ಮಂದು, ಅವನ ಹೆಂಡತಿದು, ಐದು ಮಕ್ಕಳದು. ಇರಾಕ ಜಾಗಾ ಕೊಟ್ಟಾರ, ನಾ ರೊಟ್ಟಿ ಮಾಡತೀನಿ. ಇಲ್ಲಿ ಯಾರ ರೊಟ್ಟಿ ಅಂತ ಯಾರೂ ಕೇಳಾಂಗಿಲ್ಲ. ಹಂಚಿನ ಮ್ಯಾಲಿಂದ ಹೊಟ್ಟಿಗಿ ಹೋಗತದ, ಮುಗೀತು."

ಮಾಣಿಕಮ್ಮ ಹೇಳಿದಳು. ಜಗದೇವಿಯ ಮೆತ್ತಗಿನ ರೊಟ್ಟಿ, ತಾನೇ ಸೇರಿಸಿದ್ದು, ಗೊತ್ತಿದ್ದೂ ಸುಮ್ಮನಿದ್ದದ್ದು, ಎಲ್ಲ. ಹೇಳುತ್ತ ಅಳು ಬಂತು. ಕರೀಮಾ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

"ಅಳಬ್ಯಾಡ. ನೀ ಅತ್ತರ ನಾ ಸಮಾಧಾನ ಮಾಡಬೇಕಾಗತದ, ಆ ಕೆಲಸಾನೂ ನಂದೇ ಆಗತದ. ಇದನ್ನ ನನ್ನ ಮುಂದ ಯಾಕ ಹೇಳಾಕತ್ತಿ? ನಾ ಮಾಡಿಲ್ಲಂತ ನನಗ ಗೊತ್ತದ. ನಕ್ಕವರ ಮುಂದ ಹೇಳು."

"ಹೇಳಿದ್ರ ನೀ ತಿರಗಿ ಬರ್ತೀಯೇನು?"

"ಮೊದಲ ಹೇಳು," ಎಂದಳು ಕರೀಮಾ. "ಅದಕ್ಕೂ ಇದಕ್ಕೂ ಗಂಟು ಹಾಕಬ್ಯಾಡ."

ಭಾನುವಾರ ಮಧ್ಯಾಹ್ನ ಮಾಣಿಕಮ್ಮ ಹನ್ನೊಂದು ಮಂದಿಯನ್ನು ಕೂಡಿಸಿದಳು. ಅಳಬಾರದೆಂದು ನಿರ್ಧರಿಸಿದ್ದಳು, ಅಳಲಿಲ್ಲ. ಜಗದೇವಿಯ ಮೆತ್ತಗಿನ ರೊಟ್ಟಿಯನ್ನು ಎಲ್ಲರ ಕಟ್ಟಿನಲ್ಲಿ ಸೇರಿಸಿದವಳು ತಾನೇ ಎಂದಳು. ಆಮೇಲೆ ಒಬ್ಬಳು, "ಎರಡು ವರ್ಷ ಆತು ಮಾಣಿಕಕ್ಕ, ಈಗ ಯಾಕ ಕೆದಕತಿ?" ಎಂದಳು. ಚಾವಲ್ ಮಂದಿ ಎಂದಿದ್ದವಳು ಬಳೆ ತಿರುವುತ್ತ ಹೊರಗೆ ನೋಡತೊಡಗಿದಳು. "ನೀ ಮಾಡಿದ್ದೂ ಪಾಪದ ಹುಡಗಿ ಸಲುವಾಗಿನೇ ಅಲ್ಲ, ಇರಲಿ ಬಿಡು," ಎಂದಳು ಮತ್ತೊಬ್ಬಳು. ಈಗಲೂ ಅವಳನ್ನು ಕ್ಷಮಿಸಲು ಅವಸರಪಡುತ್ತಿದ್ದರು. ಕ್ಷಮಿಸಿದರೆ ತಾವು ನಕ್ಕದ್ದೂ ಅದರೊಂದಿಗೇ ಮುಗಿಯುತ್ತಿತ್ತು.

ಜಗದೇವಿ ಎದ್ದು ನಿಂತಳು. ಅವಳ ಅತ್ತೆ ಹಾಸಿಗೆಯಲ್ಲೇ ಇದ್ದಳು, ನಳ ಇನ್ನೂ ನಾಲ್ಕಕ್ಕೇ ಬರುತ್ತಿತ್ತು.

"ನನ್ನ ಸಲುವಾಗಿ ಅನಬ್ಯಾಡ್ರಿ," ಎಂದಳು. "ಅಕ್ಕಾ, ನಾ ನಿಮಗ ಒಂದು ತಾಸಿನ ಕೈ ಕೇಳಿದ್ದೆ. ಮುಚ್ಚಿಡ್ರಿ ಅಂತ ಕೇಳಿದ್ದಿಲ್ಲ. ಆಪಾ ಎದ್ದು ಹೋದಾಗ ನಾ ಬಾಯಿ ಬಿಡಲಿಲ್ಲ, ಯಾಕಂದ್ರ ನೀವು ನನ್ನ ಉಳಸಾಕತ್ತೀರಿ ಅಂತ ಇತ್ತು. ಎರಡು ವರ್ಷ ಆ ಓಣ್ಯಾಗ ನಾ ಆಕಿ ಬಾಗಲಾ ನೋಡಲಾರದೆ ದಾಟೇನಿ. ನೀವು ನನಗ ಛಲೋ ಮಾಡಲಿಲ್ಲರಿ."

ಮಾಣಿಕಮ್ಮ ಸಮಾಧಾನಕ್ಕೆಂದು ತುಟಿಯ ತನಕ ಬಂದ ಮಾತನ್ನು ಒಳಗೇ ನುಂಗಿದಳು. ಇನ್ನು ಮುಂದೆ ಬೇರೆ ಯಾರಾದರೂ ಸಂಘ ನಡೆಸಲಿ, ನಾಲ್ಕು ಗಂಟೆಯ ಸರದಿಯ ಮಾತು ಇವತ್ತೇ ಆಗಲಿ ಎಂದಳು. ಜಗಳ ಶುರುವಾಯಿತು. ಯಾರ ಮನೆಯಲ್ಲಿ ಎಷ್ಟು ಕೆಲಸ, ಯಾರ ಗಂಡ ಎಲ್ಲಿ ಕೂಡುತ್ತಾನೆ, ಯಾರ ಅತ್ತೆ ಏನನ್ನುತ್ತಾಳೆ ಎಂದು ಒಬ್ಬರ ಮೇಲೊಬ್ಬರು ಮಾತಾಡಿದರು. ಎರಡು ವರ್ಷ ಮೊದಲೇ ಆಗಬೇಕಿದ್ದ ಜಗಳ ಅದು.

ಎಲ್ಲರೂ ಹೋದ ಮೇಲೆ ಅವಳು ಕರೀಮಾಗೆ ಫೋನ್ ಮಾಡಿದಳು.

"ಹೇಳಿದೆ, ಆಪಾ."

"ಎಷ್ಟ ಮಂದಿ ಕೂತಿದ್ರು?"

"ಹನ್ನೊಂದೂ."

"ಆ ಚಾವಲ್ ಅಂದಾಕಿ?"

"ಇದ್ದಳು. ಏನೂ ಅನ್ನಲಿಲ್ಲ."

ಆ ಕಡೆ ಯಾವುದೋ ಮಗು ಅಳುತ್ತಿತ್ತು. ಬದ್ರುದ್ದೀನನ ಹೆಂಡತಿ ಏನನ್ನೋ ಕೂಗಿ ಕೇಳಿದಳು, ಕರೀಮಾ "ಬಂದೆ" ಎಂದಳು.

"ಛಲೋ ಆತು," ಎಂದಳು ಆಮೇಲೆ. "ನಾ ಬರಾಂಗಿಲ್ಲ ಮಾಣಿಕಾ. ಆ ಊರಿನ ಮನಿ ಬಿಟ್ಟೆ, ಅಲ್ಲಿ ಬ್ಯಾರೆ ಮಂದಿ ಬಂದಾರ. ಇಲ್ಲಿ ಇವರಿಗಿ ನನ್ನ ಕೈ ರೂಢಿ ಆಗ್ಯಾದ, ಬಿಡಾಂಗಿಲ್ಲ. ಅವತ್ತೇ ಹೇಳಿದ್ದರ ಅಲ್ಲೇ ಇರತಿದ್ದೆ."

ಆ ಕಡೆ ಬದ್ರುದ್ದೀನನ ಹೆಂಡತಿ ಮತ್ತೆ ಕೂಗಿದಳು.

"ಇಡತೀನಿ," ಎಂದಳು ಕರೀಮಾ. "ಹಂಚಿನ ಮ್ಯಾಲ ರೊಟ್ಟಿ ಅದ."